ಕುದಿಯುವ ಎಂಜಿನ್ನು, ಕಲ್ಲಾಗುವ ನೀರು

ಮೇ ತಿಂಗಳ ಮಧ್ಯಾಹ್ನ. ಸೇಡಂನಿಂದ ಚಿಂಚೋಳಿಗೆ ಹೋಗುವ ದಾರಿಯಲ್ಲಿ ಬೇವಿನ ಮರದ ತುಂಡು ನೆರಳಿನಲ್ಲಿ ಒಂದು ಹಳೆಯ ಕಾರು ಬಾನೆಟ್ ತೆರೆದು ನಿಂತಿದೆ. ಒಳಗಿನಿಂದ ಉಗಿ ಏಳುತ್ತಿದೆ. ಬೆಳಗ್ಗೆ ಹೊರಟಾಗ ಗಾಡಿ ಚೆನ್ನಾಗಿಯೇ ಇತ್ತು. ಬಿಸಿಲು ಏರಿದಂತೆ ಉಷ್ಣಮಾಪಕದ ಮುಳ್ಳೂ ಏರಿತು. ಎಂಜಿನ್ನು ಒಂದೆರಡು ಸಲ ಮುಗ್ಗರಿಸಿತು, ನಿಂತಿತು, ಮತ್ತೆ ಹೊತ್ತಿಕೊಂಡಿತು, ಕೊನೆಗೆ ನಿಂತೇಬಿಟ್ಟಿತು. ದಾರಿಹೋಕರು ಸೇರುತ್ತಾರೆ. ‘ಗಾಡಿ ಗರಂ ಆಗ್ಯಾದ’ ಎನ್ನುವಲ್ಲಿ ಎಲ್ಲರದೂ ಒಮ್ಮತ. ಏಕೆ ಗರಂ ಆಯಿತು ಎನ್ನುವಲ್ಲಿ ಮಾತ್ರ ತಲೆಗೊಂದು ತೀರ್ಪು. ಒಬ್ಬನಿಗೆ ನೀರು ಕಡಿಮೆಯಾಗಿದೆ, ಇನ್ನೊಬ್ಬನಿಗೆ ಪೆಟ್ರೋಲಿನಲ್ಲಿ ಕಸವಿದೆ, ಮತ್ತೊಬ್ಬನಿಗೆ ಪ್ಲಗ್ಗು ಕೆಟ್ಟಿದೆ.

ಕಲಬುರಗಿ ಜಿಲ್ಲೆಯ ರಸ್ತೆಗಳಲ್ಲಿ ದಶಕಗಳ ಕಾಲ ಪ್ರತಿ ಬೇಸಿಗೆಯಲ್ಲಿ ಕಂಡ ನೋಟವಿದು. ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಆದುದರಿಂದ ದೋಷವನ್ನೆಲ್ಲ ಸೂರ್ಯನ ತಲೆಗೆ ಕಟ್ಟಿ ಸುಮ್ಮನಾಗುವುದು ಸುಲಭ. ಆದರೆ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳ ಸೀಮೆಯಲ್ಲಿ ಎಂಜಿನ್ನು ಕುದಿಯುವುದಕ್ಕೆ ತಲೆಯ ಮೇಲಿನ ಸೂರ್ಯನಷ್ಟೇ ಕಾಲಡಿಯ ಕಲ್ಲೂ ಕಾರಣ. ಆ ಕಲ್ಲಿಗೂ ಎಂಜಿನ್ನಿಗೂ ನಡುವಿನ ಜಗಳ ಮೋಟಾರು ಬರುವುದಕ್ಕೂ ಮೊದಲೇ, ರೈಲಿನ ಕಾಲದಲ್ಲೇ ಆರಂಭವಾದದ್ದು.

ಕಲ್ಲು ಕರಗಿದ ನೀರು

ಶಹಾಬಾದ್ ಕಲ್ಲನ್ನು ಕಾಣದ ಕನ್ನಡಿಗರು ವಿರಳ. ಪದರ ಪದರವಾಗಿ ಏಳುವ, ನೆಲಕ್ಕೆ ಹಾಸಲು ಹೇಳಿ ಮಾಡಿಸಿದಂತಿರುವ ಈ ಫರಸಿ ಕಲ್ಲು ದೂರದೂರದ ಶಾಲೆ, ಕಚೇರಿ, ರೈಲ್ವೆ ನಿಲ್ದಾಣಗಳ ನೆಲವಾಗಿದೆ. ಭೂವಿಜ್ಞಾನಿಗಳು ಭೀಮಾ ಕೊಳ್ಳದ ಶಿಲೆಗಳನ್ನು ವಿಂಗಡಿಸುವಾಗ ಒಂದು ಭಾಗಕ್ಕೆ ಸೇಡಂ ಎಂದೂ ಅದರೊಳಗಿನ ಸುಣ್ಣಕಲ್ಲಿನ ಸ್ತರಕ್ಕೆ ಶಹಾಬಾದ್ ಎಂದೂ ಹೆಸರಿಟ್ಟಿದ್ದಾರೆ. 54 ಕೋಟಿ ವರ್ಷಗಳಿಗೂ ಹಿಂದೆ, ಆಳವಲ್ಲದ ಸಮುದ್ರದ ತಳದಲ್ಲಿ ಕೆಸರಾಗಿ ಕೂತ ಸುಣ್ಣವೇ ಗಟ್ಟಿಯಾಗಿ ಈ ಕಲ್ಲಾಯಿತು. ಚಿಂಚೋಳಿಯ ಕಡೆ ಹೋದಂತೆ ಇದರ ಮೇಲೆ ಕಪ್ಪು ಬಸಾಲ್ಟ್, ಕೆಂಪು ಜಂಬಿಟ್ಟಿಗೆ ಕಲ್ಲಿನ ಹೊದಿಕೆ ಕಾಣುತ್ತದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಕನಗನಹಳ್ಳಿಯಲ್ಲಿ ದೊರೆತ ಬೌದ್ಧ ಸ್ತೂಪದ ಚಿತ್ರಫಲಕಗಳೂ ಸುಣ್ಣಕಲ್ಲಿನವೇ. ಅಶೋಕನ ಹೆಸರನ್ನು ಕೆತ್ತಿದ ಅವನ ಚಿತ್ರ ಸಿಕ್ಕಿದ್ದು ಅಂಥದೊಂದು ಫಲಕದಲ್ಲಿ.

ಈ ಕಲ್ಲಿಗೆ ಒಂದು ಗುಣವಿದೆ. ಮಳೆನೀರು ಗಾಳಿಯಿಂದ, ಅದಕ್ಕಿಂತ ಹೆಚ್ಚಾಗಿ ಮಣ್ಣಿನಿಂದ, ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ಕೊಂಚ ಹುಳಿಯಾಗುತ್ತದೆ. ಆ ಹುಳಿನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿಯುವಾಗ ಕಲ್ಲನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸಿಕೊಳ್ಳುತ್ತದೆ. ಕಣ್ಣಿಗೆ ತಿಳಿಯಾಗಿಯೇ ಕಾಣುವ ಬಾವಿಯ ನೀರಿನಲ್ಲಿ ಕಲ್ಲು ಕ್ಯಾಲ್ಸಿಯಂ ಬೈಕಾರ್ಬನೇಟಿನ ರೂಪದಲ್ಲಿ ಅಡಗಿರುತ್ತದೆ. ಇದೇ ಗಡಸು ನೀರು. ಇದರಲ್ಲಿ ಸೋಪು ನೊರೆ ಕೊಡುವುದಿಲ್ಲ. ಕಲಬುರಗಿಯ ತೊಗರಿ ಎಷ್ಟೇ ಹೆಸರುವಾಸಿಯಾಗಿರಲಿ, ಅದರ ಬೇಳೆ ಈ ನೀರಿನಲ್ಲಿ ಬೇಗ ಬೇಯದು. ಬಚ್ಚಲ ಹಂಡೆಯ ಒಳಗೋಡೆಗೆ ವರ್ಷ ಕಳೆಯುವುದರೊಳಗೆ ಬಿಳಿಯ ಕಿಟ್ಟ ಕಟ್ಟುತ್ತದೆ.

ಆ ಬಿಳಿಯ ಕಿಟ್ಟದಲ್ಲೇ ಇಡೀ ಕಥೆಯ ಬೀಗದಕೈ ಇದೆ. ಬೈಕಾರ್ಬನೇಟು ತಣ್ಣೀರಿನಲ್ಲಿ ಕರಗಿರುತ್ತದೆ. ನೀರು ಕಾದರೆ ಒಡೆಯುತ್ತದೆ. ಇಂಗಾಲದ ಡೈ ಆಕ್ಸೈಡು ಗುಳ್ಳೆಯಾಗಿ ಹಾರಿಹೋಗುತ್ತದೆ, ಕ್ಯಾಲ್ಸಿಯಂ ಕಾರ್ಬನೇಟು ಬಿಸಿಯಾದ ಗೋಡೆಗೇ ಅಂಟಿಕೊಳ್ಳುತ್ತದೆ. ಕ್ಯಾಲ್ಸಿಯಂ ಕಾರ್ಬನೇಟು ಎಂದರೆ ಸುಣ್ಣಕಲ್ಲು. ಅಂದರೆ ನೆಲದಡಿಯಲ್ಲಿ ಕರಗಿದ ಶಹಾಬಾದ್ ಕಲ್ಲು ಹಂಡೆಯೊಳಗೆ ಮರುಹುಟ್ಟು ಪಡೆಯುತ್ತದೆ. ಇದೇ ಸೀಮೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ನಡೆಯುವುದು ಇದಕ್ಕೆ ತಿರುವುಮುರುವು. ಅಲ್ಲಿ ಸುಣ್ಣಕಲ್ಲನ್ನು ಜೇಡಿಯೊಡನೆ ಸುಮಾರು 1,450 ಡಿಗ್ರಿ ಶಾಖದಲ್ಲಿ ಸುಟ್ಟು ಕ್ಲಿಂಕರ್ ಮಾಡುತ್ತಾರೆ. ಶಹಾಬಾದಿನ ಸಿಮೆಂಟ್ ಕಂಪನಿ 1936ರಲ್ಲಿ ಎ.ಸಿ.ಸಿ.ಯಲ್ಲಿ ವಿಲೀನವಾದ ಕಂಪನಿಗಳಲ್ಲಿ ಒಂದು. ವಾಡಿಯ ಕಾರ್ಖಾನೆ ಆರಂಭವಾದದ್ದು 1968ರಲ್ಲಿ. ಸೇಡಂ, ಮಳಖೇಡಗಳ ದೊಡ್ಡ ಕಾರ್ಖಾನೆಗಳು 1980ರ ದಶಕದವು. ಕಲ್ಲನ್ನು ಒಡೆಯಲು ಅಲ್ಲಿ ಅಷ್ಟೊಂದು ಬೆಂಕಿ ಬೇಕು. ಎಂಜಿನ್ನಿನೊಳಗೆ ಕಲ್ಲು ಕಟ್ಟಲು ಹಂಡೆ ನೀರು ಕಾಯುವಷ್ಟು ಬಿಸಿ ಸಾಕು.

ಉಗಿಬಂಡಿಯ ಬಾಯಾರಿಕೆ

ಈ ನೀರಿನೊಡನೆ ಮೊದಲು ಸೆಣಸಿದ್ದು ರೈಲು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಮುಂಬಯಿಯಿಂದ ಸೊಲ್ಲಾಪುರ, ಗುಲ್ಬರ್ಗ, ಶಹಾಬಾದ್, ವಾಡಿಗಳನ್ನು ಹಾದು 1871ರಲ್ಲಿ ರಾಯಚೂರು ತಲುಪಿ, ಮದ್ರಾಸಿನ ಕಡೆಯಿಂದ ಬಂದ ಹಳಿಯನ್ನು ಕೂಡಿತು. ಮೂರು ವರ್ಷಗಳ ನಂತರ, 1874ರಲ್ಲಿ, ನಿಜಾಮ್ ಸರ್ಕಾರದ ರೈಲು ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರುಗಳ ಮೂಲಕ ಸಿಕಂದರಾಬಾದಿಗೆ ಹೊರಟಿತು. ವಾಡಿ ಎಂಬ ಪುಟ್ಟ ಊರು ದೇಶದ ನಕ್ಷೆಯಲ್ಲಿ ಜಂಕ್ಷನ್ ಆದದ್ದು ಹೀಗೆ. ಫರಸಿ ಕಲ್ಲು ಹೊರಗಿನ ಮಾರುಕಟ್ಟೆ ಕಂಡದ್ದೂ ಈ ಹಳಿಗಳ ಮೇಲೆಯೇ.

ಉಗಿಬಂಡಿ ಕಲ್ಲಿದ್ದಲನ್ನು ತಿನ್ನುತ್ತದೆ ಎನ್ನುತ್ತೇವೆ. ಆದರೆ ತೂಕದ ಲೆಕ್ಕದಲ್ಲಿ ಅದು ತಿನ್ನುವುದಕ್ಕಿಂತ ಕುಡಿಯುವುದೇ ಹಲವು ಪಟ್ಟು ಹೆಚ್ಚು. ಆದುದರಿಂದಲೇ ಹಳಿಯುದ್ದಕ್ಕೂ ನಿಲ್ದಾಣಗಳಲ್ಲಿ ಎತ್ತರದ ನೀರಿನ ತೊಟ್ಟಿ, ಆನೆಸೊಂಡಿಲಿನಂಥ ನೀರಿನ ಕೊಳವೆ. ಬಾಯ್ಲರಿನಲ್ಲಿ ನೀರು ಉಗಿಯಾಗಿ ಹೋಗುತ್ತದೆ. ಅದು ತಂದ ಸುಣ್ಣ ಮಾತ್ರ ಹಿಂದೆ ಉಳಿಯುತ್ತದೆ. ಗಡಸು ನೀರು ಕುಡಿದ ಬಂಡಿಯ ಬಾಯ್ಲರಿನ ಕೊಳವೆಗಳ ಮೇಲೆ ದಿನದಿಂದ ದಿನಕ್ಕೆ ಕಲ್ಲಿನ ಪದರ ಬೆಳೆಯುತ್ತದೆ. ತಾಮ್ರ ಸಾಗಿಸುವ ಶಾಖದ ನೂರರಲ್ಲೊಂದು ಪಾಲನ್ನೂ ಈ ಪದರ ಸಾಗಿಸಲಾರದು. ಆಗ ಅದೇ ಉಗಿಗೆ ಹೆಚ್ಚು ಕಲ್ಲಿದ್ದಲು ಬೇಕು. ಅದಕ್ಕಿಂತ ಅಪಾಯದ ಸಂಗತಿಯೆಂದರೆ, ಶಾಖ ನೀರಿಗೆ ದಾಟಲಾರದೆ ಲೋಹದಲ್ಲೇ ನಿಂತು ಲೋಹವನ್ನು ಮೆತ್ತಗೆ ಮಾಡುತ್ತದೆ.

ರೈಲ್ವೆಯವರು ಇದಕ್ಕೆ ಕಂಡುಕೊಂಡ ಉಪಾಯಗಳು ಹಲವು. ಬಂಡಿಯನ್ನು ಆಗಾಗ್ಗೆ ಆರಿಸಿ, ಬಾಯ್ಲರಿನ ಬಿರಡೆಗಳನ್ನು ಬಿಚ್ಚಿ, ಜೋರಾದ ನೀರು ಹಾಯಿಸಿ, ಸಲಾಕೆಯಿಂದ ಕೆರೆದು ತೊಳೆಯುವುದು ಒಂದು. ನೀರನ್ನು ಮೊದಲೇ ಮೆದುಗೊಳಿಸುವುದು ಇನ್ನೊಂದು. ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಥಾಮಸ್ ಕ್ಲಾರ್ಕ್ 1841ರಲ್ಲಿ ಪೇಟೆಂಟ್ ಪಡೆದ ವಿಧಾನ ಕೇಳುವುದಕ್ಕೆ ತಮಾಷೆಯಾಗಿದೆ. ಸುಣ್ಣ ಕರಗಿರುವ ನೀರಿಗೆ ಲೆಕ್ಕವಾಗಿ ಇನ್ನಷ್ಟು ಸುಣ್ಣದ ತಿಳಿ ಬೆರೆಸಬೇಕು. ಆಗ ಎರಡೂ ಸುಣ್ಣ ಒಟ್ಟಿಗೆ ಗಸಿಯಾಗಿ ತಳಕ್ಕೆ ಕೂರುತ್ತವೆ, ಮೇಲೆ ಮೆದುನೀರು ಉಳಿಯುತ್ತದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆದಂತೆ. ಇಷ್ಟಾಗಿಯೂ ನೀರಿನ ಮಟ್ಟ ಇಳಿದು ಬಾಯ್ಲರು ಸಿಡಿಯುವ ಸಂದರ್ಭ ಬಂದರೆ ಎಂದು ಬೆಂಕಿಗೂಡಿನ ನೆತ್ತಿಯಲ್ಲಿ ಸೀಸದ ತಿರುಳಿನ ಒಂದು ಬಿರಡೆ ಇಡುತ್ತಿದ್ದರು. ನೀರು ತಪ್ಪಿದರೆ ಸೀಸ ಕರಗಿ, ಉಗಿ ಬೆಂಕಿಯ ಮೇಲೆ ಸುರಿದು, ಚಾಲಕನನ್ನು ಎಚ್ಚರಿಸುತ್ತಿತ್ತು.

ಮುಂದೆ ಇದೇ ಶಹಾಬಾದಿನಲ್ಲಿ ಎ.ಸಿ.ಸಿ.-ವಿಕರ್ಸ್-ಬ್ಯಾಬ್‌ಕಾಕ್ ಸಂಸ್ಥೆಯ ಕಾರ್ಖಾನೆ ಬಾಯ್ಲರುಗಳನ್ನೂ ಭಾರೀ ಯಂತ್ರಗಳನ್ನೂ ತಯಾರಿಸಿತು. ಬಾಯ್ಲರಿಗೆ ಒಗ್ಗದ ನೀರಿನ ಸೀಮೆಯೇ ಬಾಯ್ಲರುಗಳ ತವರೂ ಆದದ್ದು ಇತಿಹಾಸದ ಒಂದು ವಿನೋದ.

ಕುದಿಯಬಾರದ ಯಂತ್ರ

ಮೋಟಾರು ಬಂದಾಗ ಲೆಕ್ಕ ತಲೆಕೆಳಗಾಯಿತು. ಉಗಿ ಎಂಜಿನ್ನಿಗೆ ನೀರು ಕುದಿಯದಿದ್ದರೆ ತೊಂದರೆ. ಪೆಟ್ರೋಲ್ ಎಂಜಿನ್ನಿಗೆ ಕುದಿದರೆ ತೊಂದರೆ. ಸಿಲಿಂಡರಿನೊಳಗೆ ಹೊತ್ತುವ ಜ್ವಾಲೆಯ ಶಾಖ 2,000 ಡಿಗ್ರಿ ದಾಟುತ್ತದೆ. ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಗಾಲಿಯನ್ನು ತಿರುಗಿಸುವುದು ಚಿಕ್ಕ ಪಾಲು. ಉಳಿದದ್ದರಲ್ಲಿ ಒಂದಷ್ಟು ಹೊಗೆಯೊಡನೆ ಹೋಗುತ್ತದೆ, ಇನ್ನೊಂದಷ್ಟನ್ನು ನೀರು ಹೊತ್ತೊಯ್ದು ಗಾಳಿಗೆ ಒಪ್ಪಿಸಬೇಕು. ಒಪ್ಪಿಸದಿದ್ದರೆ ಎಂಜಿನ್ನಿನ ಲೋಹವೇ ಸೊಟ್ಟಗಾಗುತ್ತದೆ.

ಕಾರಿನ ಚರಿತ್ರೆಯ ಮೊದಲ ದೂರಪ್ರಯಾಣವೇ ಕುದಿಯುವ, ನಿಲ್ಲುವ ಕಾರಿನ ಪ್ರಯಾಣ. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ಟಾ ಬೆಂಜ್ ಎಂಬಾಕೆ ಗಂಡ ಕಾರ್ಲ್ ಬೆಂಜ್ ತಯಾರಿಸಿದ ಮೂರು ಗಾಲಿಯ ಮೋಟಾರನ್ನು ಅವನಿಗೆ ಹೇಳದೆಯೇ ಹೊರಡಿಸಿಕೊಂಡು, ಇಬ್ಬರು ಗಂಡುಮಕ್ಕಳೊಡನೆ ಮಾನ್‌ಹೈಮ್‌ನಿಂದ ಸುಮಾರು 100 ಕಿ.ಮೀ. ದೂರದ ತವರೂರು ಫೋರ್ಟ್ಸ್‌ಹೈಮ್‌ಗೆ ಹೋದಳು. ಆ ಕಾರಿಗೆ ರೇಡಿಯೇಟರ್ ಇರಲಿಲ್ಲ. ನೀರು ಕುದಿದು ಆವಿಯಾಗುವುದರಿಂದಲೇ ಎಂಜಿನ್ನು ತಣ್ಣಗಾಗಬೇಕಿತ್ತು. ದಾರಿಯುದ್ದಕ್ಕೂ ಹಳ್ಳ, ಬಾವಿ, ಛತ್ರ ಕಂಡಲ್ಲೆಲ್ಲ ನೀರು ತುಂಬಬೇಕಾಯಿತು. ಇಂಧನದ ಕೊಳವೆ ಕಟ್ಟಿಕೊಂಡು ಎಂಜಿನ್ನು ನಿಂತಾಗ ಆಕೆ ಟೋಪಿಯ ಪಿನ್ನಿನಿಂದ ಅದನ್ನು ಬಿಡಿಸಿದಳು. ಇಂಧನ ಮುಗಿದಾಗ ವೀಸ್‌ಲೋಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಕೊಂಡಳು. ನೀರು, ಇಂಧನ, ಕಿಡಿ ಎಂಬ ಮೂರನ್ನು ಒಂದಾದ ಮೇಲೊಂದು ಪರೀಕ್ಷಿಸುವ ಇಂದಿನ ಮಿಸ್ತ್ರಿಗಳ ಶಾಸ್ತ್ರಕ್ಕೆ ಆಕೆಯೇ ಮೂಲಪುರುಷಳೆಂದರೆ ತಪ್ಪಾಗದು.

ಇದಕ್ಕೆ ತಕ್ಕ ಪರಿಹಾರ ಕೊಟ್ಟವನು ವಿಲ್ಹೆಲ್ಮ್ ಮೇಬಾಖ್. 1900ರ ಕೊನೆಗೆ ಸಿದ್ಧವಾದ ಮರ್ಸಿಡಿಸ್ ಕಾರಿಗೆ ಅವನು ಸುಮಾರು 8,000 ಸಣ್ಣ ಕೊಳವೆಗಳನ್ನು ಬೆಸೆದ ಜೇನುಗೂಡಿನಂಥ ರೇಡಿಯೇಟರನ್ನು ಜೋಡಿಸಿದ. ನೀರಿಗೂ ಗಾಳಿಗೂ ನಡುವೆ ಸಾವಿರಾರು ಸಂಪರ್ಕಗಳು ಏರ್ಪಟ್ಟು, ಸ್ವಲ್ಪ ನೀರೇ ಸುತ್ತಿ ಸುತ್ತಿ ಸಾಕಾಯಿತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ ಮೊದಲ ಸುಮಾರು 2,500ರ ನಂತರ ನೀರಿನ ಪಂಪನ್ನೇ ಕೈಬಿಟ್ಟರು. ಬಿಸಿನೀರು ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ ಎಂಬ ಒಲೆಯ ಮೇಲಿನ ಪಾತ್ರೆಯ ನಿಯಮವೇ ಅಲ್ಲಿ ಪಂಪು. ಅಗ್ಗದ ಏರ್ಪಾಡು ನಿಜ. ಆದರೆ ನೀರಿನ ಮಟ್ಟ ಮೇಲಿನ ಕೊಳವೆಗಿಂತ ಕೆಳಗಿಳಿದರೆ ಸುತ್ತುವುದೇ ನಿಲ್ಲುತ್ತದೆ.

ನೀರಿನ ದಾರಿ ಕಿರಿದಾದಷ್ಟೂ ರೇಡಿಯೇಟರ್ ಚುರುಕು. ಆದರೆ ದಾರಿ ಕಿರಿದಾದಷ್ಟೂ ಸುಣ್ಣಕ್ಕೆ ಅದನ್ನು ಮುಚ್ಚುವುದೂ ಸಲೀಸು. ಜರ್ಮನಿ, ಇಂಗ್ಲೆಂಡು, ಅಮೆರಿಕದ ಎಂಜಿನಿಯರುಗಳು ಹೆಣೆದ ಈ ಜೇನುಗೂಡು ಶಹಾಬಾದಿನ ನೀರಿಗೆ ಎದುರಾದಾಗ ಆದದ್ದು ಇದೇ.

ಹಳಿ ಮುಟ್ಟದ ಊರಿಗೆ

ಮೇಲೆ ಹೆಸರಿಸಿದ ಐದು ಊರುಗಳಲ್ಲಿ ನಾಲ್ಕಕ್ಕೆ ರೈಲುಂಟು. ಚಿಂಚೋಳಿಗಿಲ್ಲ. ಕಲ್ಲಿದ್ದಲಿನ ಬಂಡಿ ಹತ್ತೊಂಬತ್ತನೆಯ ಶತಮಾನದಲ್ಲೇ ಸೇಡಂ ತಲುಪಿದರೂ ಅಲ್ಲಿಂದ ಮುಂದೆ ಚಿಂಚೋಳಿಯ ಗುಡ್ಡಗಳ ಕಡೆಗೆ ಎತ್ತಿನ ಗಾಡಿ, ಕುದುರೆ ಅಥವಾ ಕಾಲ್ನಡಿಗೆಯೇ ಗತಿಯಾಗಿತ್ತು. ಆದುದರಿಂದ ಇಂಥ ಊರುಗಳಿಗೆ ಮೋಟಾರು ಶೋಕಿಯಾಗಿರದೆ ಹೊರಜಗತ್ತಿನ ಬಾಗಿಲೇ ಆಯಿತು. ಹೈದರಾಬಾದ್ ಸಂಸ್ಥಾನದಲ್ಲಿ 1932ರ ಜೂನ್‌ನಲ್ಲಿ ಸರ್ಕಾರಿ ಬಸ್ ಸಂಚಾರ ಆರಂಭವಾಯಿತು. ನಡೆಸಿದ್ದು ನಿಜಾಮರ ರೈಲ್ವೆಯೇ. ಮೊದಲಿಗೆ ಇದ್ದದ್ದು 27 ಬಸ್ಸುಗಳು ಮತ್ತು 166 ನೌಕರರು. ಸ್ಕಾಟ್ಲೆಂಡಿನ ಚಳಿಯಲ್ಲಿ ತಯಾರಾದ ಆಲ್ಬಿಯನ್ ಬಸ್ಸುಗಳು ದಖ್ಖನ್ನಿನ ಬಿಸಿಲಿಗೆ ಇಳಿದವು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಗುಲ್ಬರ್ಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಇಲ್ಲಿನ ಬಸ್ಸುಗಳ ಆಡಳಿತವೂ ಕೈಬದಲಾಯಿತು. ನೀರು ಮಾತ್ರ ಅದೇ ಇತ್ತು.

ಬಾಡಿಗೆ ಕಾರುಗಳ ಕಾಲ ಬಂದಾಗ ಎರಡೇ ಹೆಸರು ರಸ್ತೆಯನ್ನು ಆಳಿದವು. 1957ರಿಂದ ತಯಾರಾದ ಅಂಬಾಸಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಅವತಾರ. ಮುಂದೆ ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡದ್ದು ಇಟಲಿಯ ಫಿಯಟ್ 1100. ಮದುವೆ ದಿಬ್ಬಣ, ಹೆರಿಗೆ, ಚುನಾವಣೆ ಎಲ್ಲಕ್ಕೂ ಇವೇ. ದೊಡ್ಡಾಸ್ಪತ್ರೆಗೆಂದು ಕಲಬುರಗಿಗೆ ರೋಗಿಯನ್ನು ಕರೆದೊಯ್ಯುವ ಕಾರು ನಡುದಾರಿಯಲ್ಲಿ ನಿಂತರೆ ಅದು ಬರೀ ಯಂತ್ರದ ಪ್ರಶ್ನೆಯಲ್ಲ. ಸಾಲ ಮಾಡಿ ಗಾಡಿ ಕೊಂಡವನಿಗೆ ಎಂಜಿನ್ನಿನ ಹೆಡ್ ಸೊಟ್ಟಗಾದರೆ ಒಂದು ಸುಗ್ಗಿಯ ದುಡಿಮೆಯೇ ಹೋಯಿತು. ಬೇಸಿಗೆಯಲ್ಲಿ ಹೊಲದ ಕೂಲಿಯವರ ಮುಂದೆ ನಿಂತು ಎಂಜಿನ್ನಿಗಾಗಿ ಎರಡು ಕೊಡ ನೀರು ಕೇಳುವುದೂ ಸಣ್ಣ ಸಂಗತಿಯಲ್ಲ. ದೂರದಿಂದ ಹೊತ್ತು ತಂದ ಕುಡಿಯುವ ನೀರನ್ನು ಕಾರಿನ ಬಾಯಿಗೆ ಸುರಿಯಬೇಕು.

ಒಂದು ರೋಗವೋ, ಎರಡೋ?

ಕಾದು ಕಾದು ನಿಲ್ಲುವ ಕಾರಿನಲ್ಲಿ ರೋಗ ಒಂದೇ ಇರಬಹುದು, ಎರಡಿರಬಹುದು. ಪಳಗಿದ ಮಿಸ್ತ್ರಿ ಪಾನಾ ಕೈಗೆತ್ತಿಕೊಳ್ಳುವ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಮೊದ್ಲ ಕಾಟಾ ಏರ್ತೋ, ಮೊದ್ಲ ಗಾಡಿ ಬಂದ್ ಬಿತ್ತೋ?’ ಮುಳ್ಳು ಏರಿದ ಮೇಲೆ ಗಾಡಿ ನಿಂತಿದ್ದರೆ ಮೂಲವನ್ನು ನೀರಿನಲ್ಲಿ ಹುಡುಕಬೇಕು. ಮುಳ್ಳು ನಡುವಿನಲ್ಲೇ ಇದ್ದು ಗಾಡಿ ನಿಂತಿದ್ದರೆ ಪೆಟ್ರೋಲಿನಲ್ಲೋ ಕಿಡಿಯಲ್ಲೋ ಹುಡುಕಬೇಕು.

ಎರಡನೆಯದನ್ನು ಮೊದಲು ನೋಡೋಣ. ಪೆಟ್ರೋಲು ಒಂದೇ ದ್ರವವಲ್ಲ, ಹಲವು ದ್ರವಗಳ ಮಿಶ್ರಣ. ಅದರ ಹಗುರ ಅಂಶಗಳು 35-40 ಡಿಗ್ರಿಯಲ್ಲೇ ಕುದಿಯಲು ತೊಡಗುತ್ತವೆ. ಸೇಡಂನ ಮೇ ತಿಂಗಳಲ್ಲಿ ನೆರಳಿನ ಗಾಳಿಯೇ ಅಷ್ಟು ಬಿಸಿ. ಹಳೆಯ ಕಾರುಗಳಲ್ಲಿ ಪೆಟ್ರೋಲ್ ಪಂಪು ಇದ್ದದ್ದು ಎಂಜಿನ್ನಿನ ಪಕ್ಕೆಗೇ ಅಂಟಿಕೊಂಡು. ಅದು ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರುವಾಗ ಕೊಳವೆಯಲ್ಲಿ ಒತ್ತಡ ಕುಗ್ಗುತ್ತದೆ. ಒತ್ತಡ ಕುಗ್ಗಿದರೆ ದ್ರವ ಇನ್ನೂ ಬೇಗ ಕುದಿಯುತ್ತದೆ. ಪೆಟ್ರೋಲಿಗೆ ಬದಲು ಆವಿ ತುಂಬಿಕೊಂಡ ಪಂಪು ಸುಮ್ಮನೆ ಬಡಿದುಕೊಳ್ಳುತ್ತದೆ, ಕಾರ್ಬ್ಯುರೇಟರು ಒಣಗುತ್ತದೆ, ಕಾರು ಮುಗ್ಗರಿಸಿ ನಿಲ್ಲುತ್ತದೆ. ಇದೇ ಡ್ರೈವರುಗಳ ಬಾಯಲ್ಲಿ ‘ಏರ್ ಲಾಕ್’ ಎಂದೂ ಕರೆಸಿಕೊಂಡ ವೇಪರ್ ಲಾಕ್.

ಇದಕ್ಕೆ ನಮ್ಮ ಡ್ರೈವರುಗಳು ಬಳಸಿದ ಔಷಧ ಒಂದು ತುಂಡು ಒದ್ದೆ ಬಟ್ಟೆ. ಪಂಪಿಗೆ ಸುತ್ತಿ, ಆಗಾಗ್ಗೆ ನೀರು ಚಿಮುಕಿಸಿದರೆ ಸಾಕು. ನೀರು ಆವಿಯಾಗುವಾಗ ಪಂಪಿನ ಶಾಖವನ್ನು ಕಸಿದುಕೊಳ್ಳುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಿರುವುದು, ಹಿಂದೆ ಜೀಪುಗಳ ಮುಂದೆ ತೂಗುಹಾಕುತ್ತಿದ್ದ ಕ್ಯಾನ್ವಾಸು ಚೀಲದ ನೀರು ತಣ್ಣಗಿರುತ್ತಿದ್ದುದು ಇದೇ ಗುಟ್ಟಿನಿಂದ. ಮಂಗಳೂರಿನಂಥ ಕಡಲ ತೀರದ ತೇವದ ಗಾಳಿಯಲ್ಲಿ ಈ ಉಪಾಯ ಇಷ್ಟು ಚೆನ್ನಾಗಿ ನಡೆಯದು. ಬಯಲುಸೀಮೆಯ ಒಣ ಬಿಸಿಲೇ ಅದಕ್ಕೆ ಬಲ. ಕಾರನ್ನು ನಿಲ್ಲಿಸಿದ ಬಿಸಿಲೇ ಕಾರನ್ನು ಹೊರಡಿಸಲೂ ನೆರವಾಗುತ್ತಿತ್ತು ಎನ್ನಬೇಕು.

ಹತ್ತಿಪ್ಪತ್ತು ನಿಮಿಷ ಆರಿದ ಮೇಲೆ ತಾನಾಗಿಯೇ ಹೊತ್ತಿಕೊಳ್ಳುವ ಗಾಡಿಯಲ್ಲೆಲ್ಲ ವೇಪರ್ ಲಾಕ್ ಇರಲೇಬೇಕೆಂದಿಲ್ಲ. ಕಿಡಿ ಹುಟ್ಟಿಸುವ ಕಾಯಿಲ್, ಡಿಸ್ಟ್ರಿಬ್ಯೂಟರಿನ ಪುಟ್ಟ ಕಂಡೆನ್ಸರ್ ಸಹ ಹಳತಾದಾಗ ಬಿಸಿಯಲ್ಲಿ ಸೋತು ತಂಪಿನಲ್ಲಿ ಚೇತರಿಸಿಕೊಳ್ಳುತ್ತವೆ. ಗಾಡಿ ನಿಂತ ಆ ಕ್ಷಣದಲ್ಲೇ ಕಿಡಿಯಿದೆಯೇ, ಪೆಟ್ರೋಲಿದೆಯೇ ಎಂದು ನೋಡಿದವನಿಗೆ ಉತ್ತರ ಸಿಗುತ್ತದೆ. ಆರಿದ ಮೇಲೆ ನೋಡಿದರೆ ಎಲ್ಲವೂ ಸರಿಯಿರುತ್ತದೆ. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರವನ್ನು ದೂಳು ಮುಚ್ಚಿದ್ದರೂ ಇದೇ ಲಕ್ಷಣ. ಕಲ್ಲುಗಣಿಗಳ, ಸಿಮೆಂಟಿನ ದೂಳು ಹಾರುವ ಸೀಮೆಯಲ್ಲಿ ಮರೆಯಬಾರದ ಸಂಗತಿಯಿದು.

ಇನ್ನು ಮುಳ್ಳೇ ಮೊದಲು ಏರುವ ರೋಗ. ಪೇಟೆಯಲ್ಲಿ ನಿಂತಾಗ ಏರಿ, ಓಡಿದಾಗ ಇಳಿದರೆ ಫ್ಯಾನು ಅಥವಾ ಅದರ ಬೆಲ್ಟು ಸಡಿಲ; ಓಡುವಾಗ ಎದುರುಗಾಳಿಯೇ ಫ್ಯಾನಿನ ಕೆಲಸ ಮಾಡುತ್ತದೆ. ಪೇಟೆಯಲ್ಲಿ ಸರಿಯಿದ್ದು, ಜೋರು ಓಟದಲ್ಲಿ, ಏರುದಾರಿಯಲ್ಲಿ ಏರಿದರೆ ರೇಡಿಯೇಟರಿನೊಳಗೆ ನೀರಿನ ದಾರಿ ಕಟ್ಟಿದೆ. ಈ ಸೀಮೆಯ ಸಹಜ ರೋಗ ಇದೇ. ಮುಟ್ಟಿ ನೋಡಿದರೆ ರೇಡಿಯೇಟರಿನ ಕೆಲವು ಭಾಗ ಸುಡುತ್ತದೆ, ಕೆಲವು ಭಾಗ ತಣ್ಣಗಿರುತ್ತದೆ. ತಣ್ಣಗಿದ್ದಲ್ಲಿ ಸುಣ್ಣ ಕಟ್ಟಿದೆ ಎಂದರ್ಥ. ಹೊರಗೆ ಸೋರದೆ ನೀರು ಮಾಯವಾಗುತ್ತಿದ್ದರೆ, ಹಿಂದಿನಿಂದ ಬಿಳಿಹೊಗೆ ಬರುತ್ತಿದ್ದರೆ, ಎಂಜಿನ್ ಆಯಿಲ್ಲು ಹಾಲು ಬೆರೆಸಿದಂತೆ ಕಂಡರೆ ಹೆಡ್ ಗ್ಯಾಸ್ಕೆಟ್ ಸುಟ್ಟಿದೆ. ಅಂಥ ಗಾಡಿಯನ್ನು ಮುಂದೆ ಓಡಿಸುವುದು ಎಂಜಿನ್ನನ್ನೇ ಕಳೆದುಕೊಳ್ಳುವ ದಾರಿ.

ರಸ್ತೆಬದಿಯ ಮದ್ದು

ಪುಸ್ತಕದಲ್ಲಿಲ್ಲದ ಮದ್ದುಗಳೂ ಹುಟ್ಟಿಕೊಂಡವು. ರೇಡಿಯೇಟರ್ ಸೋರಿದರೆ ಒಂದು ಹಿಡಿ ಅರಿಸಿನಪುಡಿ ಹಾಕುವ ಪದ್ಧತಿ ಭಾರತದ ಲಾರಿ ಡ್ರೈವರುಗಳಲ್ಲಿ ಪ್ರಸಿದ್ಧ. ಪುಡಿ ನೀರಿನಲ್ಲಿ ಉಬ್ಬಿ ತೂತನ್ನು ತುಂಬುತ್ತದೆ. ಊರು ಮುಟ್ಟಲು ಸಾಕು. ಆದರೆ ಮೊದಲೇ ಸುಣ್ಣ ಕಟ್ಟಿದ ಕೊಳವೆಗಳನ್ನೂ ಅದು ತುಂಬಬಹುದು, ಆದುದರಿಂದ ಊರು ಮುಟ್ಟಿದ ಮೇಲೆ ತೊಳೆಯಲೇಬೇಕು. ತಾಮ್ರದ ಹಂಡೆಗೆ ಹುಣಸೆಹುಳಿ ತಿಕ್ಕುವ ಮನೆಯ ಶಾಸ್ತ್ರಕ್ಕೂ ರೇಡಿಯೇಟರಿನ ಸುಣ್ಣವನ್ನು ಹುಳಿದ್ರಾವಣದಿಂದ ಕರಗಿಸುವ ವಿಧಾನಕ್ಕೂ ರಸಾಯನಶಾಸ್ತ್ರ ಒಂದೇ.

ಎಲ್ಲ ಮದ್ದೂ ಒಳ್ಳೆಯದಲ್ಲ. ಗಾಡಿ ಕಾಯುತ್ತದೆಂದು ಥರ್ಮೋಸ್ಟ್ಯಾಟನ್ನು ಕಿತ್ತೆಸೆಯುವ ರೂಢಿ ವ್ಯಾಪಕವಾಗಿತ್ತು. ಎಂಜಿನ್ನು ತಕ್ಕಷ್ಟು ಬೆಚ್ಚಗಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಈ ಪುಟ್ಟ ಬಾಗಿಲು ಕೆಟ್ಟು ಮುಚ್ಚಿಕೊಂಡರೆ ಅಪಾಯ ನಿಜ. ಆದರೆ ಹೊಸದನ್ನು ಹಾಕದೆ ಬಿಟ್ಟರೆ ಎಂಜಿನ್ನು ಬೆಳಗಿನ ಹೊತ್ತು ತಣ್ಣಗೇ ಓಡಿ ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ, ಕಾಯುವುದು ಇನ್ನೂ ಹೆಚ್ಚುತ್ತದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಬಿಸಿ ಮುಚ್ಚಳಕ್ಕೆ ಕೈಹಾಕುವುದು. ರೇಡಿಯೇಟರಿನ ಮುಚ್ಚಳ ಒತ್ತಡವನ್ನು ಹಿಡಿದಿಡುತ್ತದೆ. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಒತ್ತಡ ಬಿದ್ದು, ಅಷ್ಟೂ ನೀರು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ‘ಕಾಕಾ, ಮುಚ್ಚಳ ಬಿಚ್ಚಬ್ಯಾಡ್ರಿ, ಅರ್ಧಾ ತಾಸು ತಡೀರಿ’ ಎಂದು ಗ್ಯಾರೇಜಿನ ಹುಡುಗ ಹಿರಿಯರನ್ನು ತಡೆಯುವುದು ಆ ಸುಟ್ಟ ಗಾಯವನ್ನು ಬಲ್ಲದ್ದರಿಂದ. ಹಾಗೆಯೇ ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಎರಕದ ಕಬ್ಬಿಣ ಬಿರಿಯಬಹುದು. ತಾಳ್ಮೆಯೇ ಇಲ್ಲಿ ಮೊದಲ ಉಪಕರಣ.

ಹೊಸ ಕಾರು, ಹಳೆಯ ನೀರು

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಹೊಸ ಬಗೆಯ ಏರ್ಪಾಡೂ ಜನಸಾಮಾನ್ಯರ ಕಾರಿಗೆ ಬಂದಿತು. ಉಷ್ಣತೆ ನೋಡಿಕೊಂಡು ತಾನೇ ತಿರುಗುವ ವಿದ್ಯುತ್ ಫ್ಯಾನು, ಉಕ್ಕಿದ ನೀರನ್ನು ಹಿಡಿದು ಮತ್ತೆ ಹಿಂದಿರುಗಿಸುವ ಸೀಸೆ ಅದರಲ್ಲಿದ್ದವು. 2000ದ ಸುಮಾರಿಗೆ ಕಟ್ಟುನಿಟ್ಟಾದ ಹೊಗೆ ನಿಯಮಗಳು ಬಂದಂತೆ ಕಾರ್ಬ್ಯುರೇಟರು ಮರೆಯಾಗಿ ಇಂಧನ ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆ ನೆಲೆಯಾಯಿತು. ಈಗ ಪಂಪು ಟ್ಯಾಂಕಿನೊಳಗೇ ಮುಳುಗಿ ಕೂತು ಪೆಟ್ರೋಲನ್ನು ಹೀರುವ ಬದಲು ಒತ್ತಡದಿಂದ ತಳ್ಳುತ್ತದೆ. ವೇಪರ್ ಲಾಕ್ ಬಹುಮಟ್ಟಿಗೆ ನೆನಪಾಗಿ ಉಳಿದಿದೆ. ಒದ್ದೆ ಬಟ್ಟೆಯ ಕೆಲಸ ಮುಗಿದಿದೆ. ಪದ್ಮಿನಿಯ ತಯಾರಿಕೆ ಹೆಚ್ಚುಕಡಿಮೆ ಅದೇ ಹೊತ್ತಿಗೆ ನಿಂತಿತು, ಅಂಬಾಸಡರ್ 2014ರಲ್ಲಿ ನಿಂತಿತು.

ಹೊಸ ಕಾರೂ ಬಿಸಿಯಲ್ಲಿ ನಿಲ್ಲುವುದುಂಟು. ಆಗ ತಪ್ಪು ಎಂಜಿನ್ನಿನ ತಿರುಗಾಟವನ್ನು ಗುರುತಿಸುವ ಪುಟ್ಟ ಸೆನ್ಸರಿನದೋ, ಕಾಯಿಲಿನದೋ ಇರುತ್ತದೆ; ಗಣಕಯಂತ್ರ ಅದರ ಸಂಕೇತವನ್ನು ಬರೆದಿಟ್ಟಿರುತ್ತದೆ. ಆದರೆ ಯಾವ ಗಣಕಯಂತ್ರವೂ ಚಾಲಕ ಯಾವ ಬಾವಿಯ ನೀರು ಸುರಿದ ಎಂಬುದನ್ನು ಬರೆದಿಡುವುದಿಲ್ಲ. ಇಂದಿನ ಕಾರುಗಳಿಗೆ ಖನಿಜ ತೆಗೆದ ನೀರಿನಲ್ಲಿ ಎಥಿಲೀನ್ ಗ್ಲೈಕಾಲ್ ಬೆರೆಸಿದ ಕೂಲೆಂಟ್ ಹಾಕಬೇಕು. ಹಿಮವೇ ಬೀಳದ ಕಲಬುರಗಿಗೆ ಹೆಪ್ಪುಗಟ್ಟದ ದ್ರಾವಣವೇಕೆ ಎಂದು ಕೇಳುವವರಿದ್ದಾರೆ. ಅದು ನೀರಿನ ಕುದಿಬಿಂದುವನ್ನು ಏರಿಸುತ್ತದೆ, ಅದರಲ್ಲಿರುವ ರಾಸಾಯನಿಕಗಳು ಲೋಹಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತವೆ. ಜೊತೆಗೆ ಖನಿಜವಿಲ್ಲದ ನೀರಿನಲ್ಲಿ ಕಿಟ್ಟ ಕಟ್ಟಲು ಸುಣ್ಣವೇ ಇರುವುದಿಲ್ಲ. ಕಡಿಮೆಯಾದಾಗಲೆಲ್ಲ ಬೋರ್‌ವೆಲ್ಲಿನ ನೀರು ತುಂಬುತ್ತ ಹೋದರೆ ಹಣ ಕೊಟ್ಟು ತಂದ ಈ ರಕ್ಷಣೆ ತೆಳುವಾಗುತ್ತದೆ, ಕಲ್ಲು ಮತ್ತೆ ಒಳಗೆ ಬರುತ್ತದೆ. ಹೊಸ ಅಲ್ಯೂಮಿನಿಯಂ ರೇಡಿಯೇಟರುಗಳ ದಾರಿಗಳಂತೂ ತೀರಾ ಕಿರಿದು. ಹಳೆಯ ತಾಮ್ರ-ಹಿತ್ತಾಳೆಯ ರೇಡಿಯೇಟರನ್ನು ಬಿಚ್ಚಿ, ಸಲಾಕೆ ಆಡಿಸಿ, ಮತ್ತೆ ಬೆಸೆಯಬಹುದಿತ್ತು. ಹೊಸದನ್ನು ಹಾಗೆ ಮಾಡಲಾಗದು, ಬದಲಿಸುವುದೊಂದೇ ದಾರಿ.

ದಾರಿಯಲ್ಲಿ ಸಿಕ್ಕಿಬಿದ್ದವನು ಸಿಕ್ಕ ನೀರನ್ನೇ ಹಾಕಬೇಕು, ಅದರಲ್ಲಿ ತಪ್ಪಿಲ್ಲ. ನೀರಿಲ್ಲದೆ ಓಡಿಸುವುದಕ್ಕಿಂತ ಗಡಸು ನೀರೇ ಮೇಲು. ಊರು ಮುಟ್ಟಿದ ಮೇಲೆ ಅದನ್ನು ತೆಗೆದು ತೊಳೆಯುವುದೇ ವಿವೇಕ. ನೂರೈವತ್ತು ವರ್ಷಗಳ ಹಿಂದೆ ಉಗಿಬಂಡಿಯವರು ಕಲಿತ ಪಾಠವೂ ಇದೇ: ಎಂಜಿನ್ನನ್ನು ನೋಡುವ ಮೊದಲು ನೀರನ್ನು ನೋಡು.

ಈ ಸೀಮೆಗೆ ಅನ್ನ ಕೊಟ್ಟದ್ದು ಕಲ್ಲು. ಗಣಿಯಲ್ಲಿ ಅದನ್ನು ಎಬ್ಬಿಸುವವರು, ಲಾರಿಯಲ್ಲಿ ಸಾಗಿಸುವವರು, ಕಾರ್ಖಾನೆಯಲ್ಲಿ ಸುಡುವವರು, ನೆಲಕ್ಕೆ ಹಾಸುವವರು ಎಲ್ಲರ ಬದುಕೂ ಅದರ ಮೇಲೆ ನಿಂತಿದೆ. ಅದೇ ಕಲ್ಲು ಕಾಣದಂತೆ ನೀರಿನಲ್ಲಿ ಕರಗಿ, ಹಂಡೆಯಲ್ಲಿ, ಬಾಯ್ಲರಿನಲ್ಲಿ, ರೇಡಿಯೇಟರಿನಲ್ಲಿ ಮತ್ತೆ ಕಲ್ಲಾಗಿ ಕೂರುತ್ತದೆ. ಮಳೆನೀರು ನೆಲಕ್ಕೆ ಬಿದ್ದು ಕಲ್ಲನ್ನು ಮುಟ್ಟುವವರೆಗೆ ಮೆದುವಾಗಿರುತ್ತದೆ. ಮಾಳಿಗೆಯ ಮೇಲೆ ಬಿದ್ದ ಮಳೆನೀರನ್ನು ಹಿಡಿದಿಟ್ಟುಕೊಂಡವರ ಮನೆಯಲ್ಲಿ ಬೇಳೆಯೂ ಬೇಗ ಬೇಯುತ್ತದೆ, ಹಂಡೆಯೂ ಹಗುರಾಗಿರುತ್ತದೆ. ಬೇವಿನ ನೆರಳಿನಲ್ಲಿ ಬಾನೆಟ್ ತೆರೆದು ನಿಂತ ಕಾರಿನ ಸುತ್ತ ಸೇರಿದವರು ಆ ದಿನ ನೀರು, ಪೆಟ್ರೋಲು, ಪ್ಲಗ್ಗು ಎಂದು ಬೇರೆ ಬೇರೆ ತೀರ್ಪು ಕೊಟ್ಟರೂ, ತಾವು ನಿಂತ ನೆಲದ ಕಡೆ ಒಮ್ಮೆ ನೋಡಿದ್ದರೆ ಅರ್ಧ ಉತ್ತರ ಅಲ್ಲೇ ಇತ್ತು.